ಮೇಸ್ತ್ರಿ ನಿವೃತ್ತರಾದ ಮೇಲೆ...

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಹತ್ತು ಹದಿನೈದು ಜನ ದುಡಿಯುವ ಸಣ್ಣ ವರ್ಕ್‌ಶಾಪ್‌ಗಳು ಬಹಳಷ್ಟಿವೆ. ಅಂಥದೊಂದರಲ್ಲಿ ತೆಳುವಾದ ಉಕ್ಕಿನ ಬುಷ್ ತಯಾರಾಗುತ್ತಿದೆ ಎಂದುಕೊಳ್ಳಿ. ಲೇತ್ ಯಂತ್ರದ ಚಕ್ ಅದನ್ನು ಮೂರು ಕಡೆಯಿಂದ ಬಿಗಿಯಾಗಿ ಹಿಡಿದಿರುತ್ತದೆ. ಆಗ ಒಳರಂಧ್ರ ಕೊರೆದರೆ ಅದು ಅಚ್ಚುಕಟ್ಟಾಗಿ ದುಂಡಗೆ ಬರುತ್ತದೆ. ಚಕ್ ಸಡಿಲಿಸಿದಿರೋ, ಅದುಮಿಕೊಂಡಿದ್ದ ಲೋಹ ಹಿಂದಕ್ಕೆ ಸರಿದು ರಂಧ್ರ ಮೂರು ಕಡೆ ಉಬ್ಬಿಬಿಡುತ್ತದೆ! ನಿಮ್ಮ ಭೌತಶಾಸ್ತ್ರದ ಪುಸ್ತಕದ ಸ್ಥಿತಿಸ್ಥಾಪಕತೆ ಇಲ್ಲಿ ಮಾಲೀಕರ ಜೇಬಿಗೇ ಕೈ ಹಾಕುತ್ತದೆ. ಎಷ್ಟು ಬಿಗಿ ಮಾಡಿದರೆ ಸಾಕು ಎಂಬುದು ಹಿರಿಯ ಟರ್ನರ್ ಅವರ ಕೈಗೆ ಗೊತ್ತು. ಡ್ರಾಯಿಂಗ್‌ನಲ್ಲಿ ಅದು ಇರುವುದಿಲ್ಲ. ಅವರು ನಿವೃತ್ತರಾದರೆ?

ಈ ಪ್ರಶ್ನೆಯಿಂದ ಹುಟ್ಟಿದ್ದೇ ಜ್ಞಾನ ನಿರ್ವಹಣೆ, ಅಂದರೆ ನಾಲೆಡ್ಜ್ ಮ್ಯಾನೇಜ್‌ಮೆಂಟ್. ಹೇಳಲು ಬಾರದೆ, ಮಾಡಿ ತೋರಿಸಲು ಮಾತ್ರ ಬರುವ ಅರಿವಿನ ಬಗ್ಗೆ ಮೈಕೆಲ್ ಪೊಲಾನಿ 1966ರಲ್ಲೇ ಒಂದು ಪುಸ್ತಕ ಬರೆದರು. ಮೂಲತಃ ಅವರು ರಸಾಯನ ವಿಜ್ಞಾನಿ ಎಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಖುಷಿ ಕೊಡಬಹುದು. ಸೈಕಲ್ ಸವಾರಿಯನ್ನು ಮಾತಿನಲ್ಲಿ ಕಲಿಸಲು ಪ್ರಯತ್ನಿಸಿ ನೋಡಿ, ಅವರ ವಾದ ಅರ್ಥವಾಗುತ್ತದೆ.

ಜೆರಾಕ್ಸ್ ಕಂಪನಿಯ ರಿಪೇರಿ ತಂತ್ರಜ್ಞರನ್ನು ಅಧ್ಯಯನ ಮಾಡಿದ ಜೂಲಿಯನ್ ಓರ್ ಒಂದು ಸ್ವಾರಸ್ಯ ಕಂಡರು. ಕೈಪಿಡಿಯಲ್ಲಿಲ್ಲದ ದೋಷಗಳಿಗೆ ಪರಿಹಾರ ಆ ತಂತ್ರಜ್ಞರ ಹರಟೆಯಲ್ಲಿತ್ತು! 1990ರ ದಶಕದಲ್ಲಿ ಆ ಕಂಪನಿ ‘ಯುರೇಕಾ’ ಎಂಬ ವ್ಯವಸ್ಥೆ ಮಾಡಿತು. ತಂತ್ರಜ್ಞ ತನ್ನ ಉಪಾಯವನ್ನು ಬರೆದು ಕಳಿಸುತ್ತಾನೆ, ಅನುಭವಿಗಳು ಪರೀಕ್ಷಿಸುತ್ತಾರೆ, ಬಳಿಕ ಅದು ಅವನ ಹೆಸರಿನೊಂದಿಗೇ ಎಲ್ಲರಿಗೂ ತಲುಪುತ್ತದೆ.

ಅದು ದೊಡ್ಡ ಕಂಪನಿಯ ಮಾತಾಯಿತು. ಸಣ್ಣವರಿಗೆ ದಾರಿ ಸುಲಭ ಮಾಡಿದ್ದು ‘ವಿಕಿ’. ಹವಾಯಿ ಭಾಷೆಯಲ್ಲಿ ಬೇಗ ಎಂದರ್ಥ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ರೂಪಿಸಿದ ಈ ವಿಧಾನದಲ್ಲಿ ಯಾರು ಬೇಕಾದರೂ ಪುಟ ಬರೆಯಬಹುದು, ತಿದ್ದಬಹುದು. ವಿಕಿಪೀಡಿಯಾ ನಡೆಯುವ ಮೀಡಿಯಾವಿಕಿ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಒಂದು ಹಳೆಯ ಕಂಪ್ಯೂಟರ್ ಇದ್ದರೂ ನಡೆದೀತು. ಒಂದೊಂದು ಜಾಬ್‌ಗೆ ಒಂದೊಂದು ಪುಟ: ಯಾವ ಟೂಲ್, ಎಷ್ಟು ವೇಗ, ಹಿಂದೆ ಯಾವ ಕಾರಣಕ್ಕೆ ಮಾಲು ತಿರಸ್ಕೃತವಾಯಿತು, ಜೊತೆಗೆ ಫೋಟೋ. ನನ್ನನ್ನು ಕೇಳಿದರೆ ತಿರಸ್ಕೃತವಾದ ಕತೆಯೇ ಅತ್ಯಂತ ಬೆಲೆಯುಳ್ಳದ್ದು, ಅದನ್ನೇ ಎಲ್ಲರೂ ಬಚ್ಚಿಡುತ್ತಾರೆ.

ಕಷ್ಟವಿರುವುದು ಕಂಪ್ಯೂಟರಿನಲ್ಲಲ್ಲ. ಗೊತ್ತಿರುವುದನ್ನೆಲ್ಲ ಹೇಳಿಕೊಟ್ಟರೆ ನಾಳೆ ನನಗೇನು ಬೆಲೆ ಎಂಬ ಅಂಜಿಕೆ ಕಾರ್ಮಿಕರಿಗೆ ಇರುತ್ತದೆ. ಅದು ಸುಳ್ಳು ಅಂಜಿಕೆಯೇನಲ್ಲ. ಬರೆಯುವ ಹೊತ್ತಿಗೂ ಸಂಬಳವಿದೆ, ಪುಟದ ಮೇಲೆ ಅವರ ಹೆಸರಿರುತ್ತದೆ ಎಂದು ಮಾಲೀಕರು ಖಾತ್ರಿಪಡಿಸಬೇಕು. ಬರಹಕ್ಕೆ ಸಿಕ್ಕದ ಕೈಚಳಕಕ್ಕಂತೂ, ಮೇಸ್ತ್ರಿ ಹೋಗುವ ಮೊದಲೇ ಹೊಸ ಹುಡುಗನನ್ನು ಪಕ್ಕದಲ್ಲಿ ಕೆಲವು ತಿಂಗಳು ನಿಲ್ಲಿಸಬೇಕು. ಇನ್ನು, ಪ್ರತಿ ಪುಟಕ್ಕೂ ದಿನಾಂಕ ಇರಲಿ. ಹೊಸ ಯಂತ್ರ ಬಂದ ದಿನ ಹಳೆಯ ವೇಗದ ಲೆಕ್ಕವನ್ನು ಯಾರಾದರೂ ಹೊಡೆದುಹಾಕಲೇಬೇಕಲ್ಲ!