ಹಿಂದಿನಿಂದ ಬಂದ ಮದ್ದಳೆ ನಿಜವಾ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ನಮಗೆ ಮನೆ ಜಗುಲಿಯ ತಾಳಮದ್ದಳೆ ಹೊಸದಲ್ಲ. ಭಾಗವತರು, ಮದ್ದಳೆ ಒಂದು ಕಡೆ, ಅರ್ಥಧಾರಿಗಳು ಎದುರುಬದುರು. ಹತ್ತಿರ ಕೂತರೆ ಶಬ್ದ ನಿಜಕ್ಕೂ ಬೇರೆ ಬೇರೆ ದಿಕ್ಕಿಂದ ಬರ್ತದೆ. ರಜೆಯಲ್ಲಿ ಹಳೆಯದೊಂದು ರೆಕಾರ್ಡಿಂಗನ್ನು ಹೋಮ್ ಥಿಯೇಟರ್‌ಗೆ ಹಾಕಿ 'ಸರೌಂಡ್' ಗುಂಡಿ ಒತ್ತಿದೆವು. ಮದ್ದಳೆ ಬೆನ್ನ ಹಿಂದೆಯೂ ಕೇಳಿಸ್ತು, ಆದ್ರೆ ಮಾತು ಮಸುಕಾಯ್ತು. ಯಾಕೆ?

ನಿಜವಾದ 5.1ರಲ್ಲಿ ಆರು ಚಾನೆಲ್‌ಗಳು ಪ್ರತ್ಯೇಕ: ಮುಂದೆ ಮೂರು, ಹಿಂಬದಿಯ ಎಡಬಲಕ್ಕೆ ಎರಡು, ತಗ್ಗು ಸ್ವರಕ್ಕೆ ಒಂದು. ಯಾವ ಶಬ್ದ ಎಲ್ಲಿಂದ ಬರಬೇಕು ಅನ್ನೋದು ಮಿಕ್ಸಿಂಗ್‌ನಲ್ಲೇ ತೀರ್ಮಾನವಾಗಿರುತ್ತದೆ.

ನಮ್ಮ ರೆಕಾರ್ಡಿಂಗ್‌ನಲ್ಲಿದ್ದದ್ದು ಎರಡೇ ಚಾನೆಲ್. ಇಂಥ ಕಡೆ ಯಂತ್ರ ಎರಡರ ವ್ಯತ್ಯಾಸ ಲೆಕ್ಕ ಹಾಕಿ, ವಿಳಂಬ, ಪ್ರತಿಧ್ವನಿ ಸೇರಿಸಿ ಹಿಂದಿನ ಸ್ಪೀಕರ್‌ಗೆ ಕಳಿಸ್ತದೆ. ಹೆಡ್‌ಫೋನ್‌ನ ಉಪಾಯ ಬೇರೆ. ಪಕ್ಕದಿಂದ ಬಂದ ಶಬ್ದ ದೂರದ ಕಿವಿಗೆ ಸುಮಾರು 0.6 ಮಿಲಿಸೆಕೆಂಡ್ ತಡವಾಗಿ ತಲುಪ್ತದೆ. ಆ ತಡವನ್ನೂ, ತಲೆ ಅಡ್ಡ ಬಂದಾಗ ಸ್ವರ ಬದಲಾಗೋದನ್ನೂ ನಕಲು ಮಾಡಿ ಮೆದುಳನ್ನು ನಂಬಿಸ್ತದೆ. ಸಿನಿಮಾ, ಗೇಮ್‌ಗೆ ಇದೆಲ್ಲ ಮಜಾ. ಮಾತೇ ಜೀವವಾದ ತಾಳಮದ್ದಳೆಗೆ ಹೆಚ್ಚುವರಿ ಪ್ರತಿಧ್ವನಿ ಅಡ್ಡಿ.

ಆ ಅರ್ಥಧಾರಿಗಳಲ್ಲಿ ಕೆಲವರು ಈಗಿಲ್ಲ; ಉಳಿದದ್ದು ಆ ಎರಡು ಚಾನೆಲ್ ಮಾತ್ರ. ಹಿಡಿದಿಡದ ದಿಕ್ಕನ್ನು ಯಾವ ಗುಂಡಿಯೂ ವಾಪಸ್ ಕೊಡೋದಿಲ್ಲ. ಹಾಗಾಗಿ ಹಳೆಯದನ್ನು ಸ್ಟೀರಿಯೋದಲ್ಲೇ ಕೇಳೋಣ: ಎರಡು ಸ್ಪೀಕರ್, ಸಮತ್ರಿಕೋನದ ಮೂರನೇ ಮೂಲೆಯಲ್ಲಿ ನಾವು.

ನಿಜವಾದ ಸರೌಂಡ್ ಶುರುವಾಗೋದು ಅಂಗಡಿಯಲ್ಲಲ್ಲ, ಜಗುಲಿಯಲ್ಲಿ. ಮುಂದಿನ ತಾಳಮದ್ದಳೆಗೆ ಪ್ರತಿ ಮೈಕ್‌ಗೂ ಬೇರೆ ಟ್ರ್ಯಾಕ್ ಇಡೋಣ. ಸಭೆಯ ಕಡೆ ತಿರುಗಿದ ಎರಡು ಮೈಕ್‌ಗಳನ್ನೂ ಮರೆಯೋದು ಬೇಡ.