ನಿಮಗಿದು ಗೊತ್ತೆ? ಮಾಲ್ಗುಡಿಯಲ್ಲಿ ಆಡು, ಆನೆಗೂ ಪಾತ್ರ
ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ದೂರದರ್ಶನಕ್ಕೆ ಬಂದದ್ದು 1986ರಲ್ಲಿ. ಚಿತ್ರೀಕರಣ ಹೆಚ್ಚಾಗಿ ನಡೆದದ್ದು ಆಗುಂಬೆಯಲ್ಲಿ. ಅದರ ಪುಟ್ಟ ಹುಡುಗ ಸ್ವಾಮಿಯನ್ನು ನೆನೆಯದವರಿಲ್ಲ. ಪ್ರಾಣಿಗಳನ್ನು ನೆನೆಯುವವರು ಕಡಿಮೆ.

ಆರ್.ಕೆ. ನಾರಾಯಣರ ‘ಎ ಹಾರ್ಸ್ ಆ್ಯಂಡ್ ಟೂ ಗೋಟ್ಸ್’ ಕತೆಯೂ ಅದರಲ್ಲಿತ್ತು. ಊರಂಚಿನ ಮಣ್ಣಿನ ಕುದುರೆಗೆಂದು ಅಮೆರಿಕದವನು ನೂರು ರೂಪಾಯಿ ಕೊಡುತ್ತಾನೆ. ಇಂಗ್ಲಿಷ್ ಬಾರದ ಮುದುಕ ಮುನಿ, ಅದು ತನ್ನೆರಡು ಆಡುಗಳ ಬೆಲೆ ಎಂದುಕೊಂಡು ಅವನ್ನು ಅಲ್ಲೇ ಬಿಟ್ಟು ಮನೆ ಸೇರುತ್ತಾನೆ. ಹೆಂಡತಿಯ ಮುಂದೆ ಹಣ ಇಟ್ಟು ಬೀಗುವಷ್ಟರಲ್ಲಿ ಬಾಗಿಲಲ್ಲಿ ‘ಮ್ಯಾ’! ಆಡುಗಳೆರಡೂ ಹಾಜರು, ಮುನಿಯ ಮೇಲೆ ಕಳ್ಳತನದ ಗುಮಾನಿ. ಸವದತ್ತಿ, ರಾಮದುರ್ಗದ ಕಡೆ ಆಡು ಸಾಕಿದವರಿಗೆ ಇದೇನೂ ಅಚ್ಚರಿಯಲ್ಲ. ಸಂಜೆಯಾದರೆ ಆಡಿಗೆ ದೊಡ್ಡಿಯ ದಾರಿ ಯಾರೂ ತೋರಿಸಬೇಕಿಲ್ಲ.

ಅದೇ ಧಾರಾವಾಹಿಯ ‘ಎಂಜಿನ್ ಟ್ರಬಲ್’ ಕತೆಯಲ್ಲಿ, ಬಹುಮಾನವಾಗಿ ಬಂದು ಗಂಟುಬಿದ್ದ ರೋಡ್ ಎಂಜಿನ್ (ರೋಡ್ ರೋಲರ್) ಎಳೆಯಲು ಗುಡಿಯ ಆನೆಯೇ ಬರಬೇಕಾಗುತ್ತದೆ. ಎಂಜಿನ್ ಹೋಗಿ ಗೋಡೆಗೆ ಗುದ್ದುತ್ತದೆ, ಅದು ಬೇರೆ ಮಾತು.

ಇನ್ನು, ಪ್ರಾಣಿಯೇ ಮುಖ್ಯ ಪಾತ್ರವಾದ ಧಾರಾವಾಹಿಯೆಂದರೆ 1954ರಿಂದ 1973ರವರೆಗೆ ಟಿವಿಯಲ್ಲಿ ಓಡಿದ ಅಮೆರಿಕದ ‘ಲ್ಯಾಸಿ’. ಪಾತ್ರ ಹೆಣ್ಣುನಾಯಿಯದು, ನಟಿಸಿದವು ಮಾತ್ರ ಗಂಡುನಾಯಿಗಳು, ನಮ್ಮ ಬಯಲಾಟದ ಸ್ತ್ರೀಪಾತ್ರಧಾರಿಗಳ ಹಾಗೆ. ಕಾರಣ ಕೂದಲು: ಹೆಣ್ಣಿನದು ಆಗಾಗ ಉದುರಿ ತೆಳುವಾಗುತ್ತದೆ, ಗಂಡಿನದು ಕ್ಯಾಮೆರಾಗೆ ದಟ್ಟವಾಗಿ ಕಾಣುತ್ತದೆ.