ಗೆದ್ದವನೂ ಎದುರು ನಿಂತವನೂ

ಮುಷ್ಟಿಯುದ್ಧದ ಮಲ್ಲರಲ್ಲಿ ಮಹಮ್ಮದ್ ಅಲಿಯು ಹಿರಿಯನೋ, ಜೋ ಫ್ರೇಜಿಯರನೋ? ತಾಯಲೂರಿನ ಅರಳಿಕಟ್ಟೆಯಲ್ಲಿ ಕುಳಿತು ತೂಗಿದರೂ ಲೆಕ್ಕವು ಒಂದೇ. 1971ರಲ್ಲಿ ಫ್ರೇಜಿಯರನು ಗೆದ್ದನು. 1974ರಲ್ಲಿಯೂ, 1975ರಲ್ಲಿ ಮನಿಲಾದಲ್ಲಿಯೂ ಅಲಿಯು ಗೆದ್ದನು. ಅಲಿಗೆ ಒಟ್ಟು 56 ಜಯ, 5 ಸೋಲು. ಫ್ರೇಜಿಯರನಿಗೆ 32 ಜಯ, 4 ಸೋಲು, 1 ಸಮ.

1967ರಲ್ಲಿ ಸೈನ್ಯಕ್ಕೆ ಸೇರಲೊಲ್ಲದೆ ಪಟ್ಟವನ್ನೇ ತೆತ್ತ ಅಲಿಯನ್ನು ಲೋಕವು ಕೊಂಡಾಡುವುದು ನ್ಯಾಯವೇ ಸರಿ. ಆದರೆ ಅವನಿಗೆ ಪುನಃ ಕಣಕ್ಕಿಳಿಯುವ ಅನುಮತಿ ದೊರೆಯಲೆಂದು ವಾದಿಸಿದವರಲ್ಲಿ ಫ್ರೇಜಿಯರನೂ ಒಬ್ಬನು. ಪ್ರತಿಫಲವಾಗಿ ದೊರೆತುದು ಗೊರಿಲ್ಲವೆಂಬ ಬೈಗುಳು!

ಎದುರಾಳಿಯ ಬಲದಿಂದಲೇ ಗೆಲುವಿಗೆ ಬೆಲೆ. ಮನಿಲಾದ ಜಯವನ್ನು ಹೊಗಳುವವರು, ಅಲ್ಲಿ ಹದಿನಾಲ್ಕು ಸುತ್ತು ಎದುರು ನಿಂತವನನ್ನು ಮರೆಯಲಾಗದು. ಕಿರೀಟವು ಅಲಿಗೆ ಸಲ್ಲಲಿ. ಗೌರವದಲ್ಲಿ ಅರ್ಧಪಾಲು ಫ್ರೇಜಿಯರನಿಗೆ ಸಲ್ಲತಕ್ಕದ್ದೆಂಬುದೇ ನಮ್ಮ ಅಭಿಪ್ರಾಯ.